ಕಾಯಿ ಕಟ್ಟದ ತಂಗಡಿ

ಧಾರವಾಡದಲ್ಲಿ ತಂಗಡಿ ಗಿಡ ಬೆಳೆಸಲು ಹೋಗಿ ಸೋತವನು ಬಹುಶಃ ನಾನೊಬ್ಬನೇ ಇರಬೇಕು. ಗುಲಾಬಿ ಬಾಡಿತು, ಕುಂಡದ ಆರ್ಕಿಡ್ ಕೊಳೆಯಿತು ಅಂದರೆ ಜನ ಪಾಪ ಅನ್ನುತ್ತಾರೆ. ತಂಗಡಿ ಸತ್ತುಹೋಯಿತು ಅಂದರೆ ನಗುತ್ತಾರೆ. ಅದು ಯಾರೂ ನೆಡದ, ಯಾರೂ ನೀರು ಹಾಕದ, ಆಡು ಸಹ ಬಾಯಿ ಹಾಕಲು ಹಿಂದೆಮುಂದೆ ನೋಡುವ ಗಿಡ. ಹೊಲದ ಬದುವಿನಲ್ಲಿ, ರೈಲು ಹಳಿಯ ಏರಿಯಲ್ಲಿ, ಗದಗ ರಸ್ತೆಯ ಬದಿಯಲ್ಲಿ ತಾನಾಗಿ ಹುಟ್ಟಿ, ಮಳೆಗಾಲ ಮುಗಿಯುತ್ತ ಬಂದಂತೆ ಮೈತುಂಬ ಹಳದಿ ಹೂ ಹೊತ್ತು ನಿಲ್ಲುತ್ತದೆ. ಅಂಥ ಗಿಡ ನನ್ನ ಕೈಯಲ್ಲಿ ಉಳಿಯಲಿಲ್ಲ. ಪಕ್ಕದ ಮನೆಯ ಮಾಸ್ತರರು ಕಂಪೌಂಡಿನ ಆಚೆಯಿಂದಲೇ ಕೇಳಿದರು: "ಏನ್ರೀ, ಬ್ಯಾಂಕಿನ್ಯಾಗ ಇಷ್ಟು ವರ್ಷ ಲೆಕ್ಕಾ ಬರದ್ರಿ, ಒಂದು ಅವರಿಕಿ ಗಿಡದ ಲೆಕ್ಕಾ ತಿಳೀಲಿಲ್ಲೇನು?"

ಆವರಿಕೆ, ಹೊನ್ನಾವರಿಕೆ, ತಂಗಡಿ ಎಲ್ಲ ಒಂದೇ. ಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. 1753ರಲ್ಲಿ ಲಿನೇಯಸ್ ಇದನ್ನು ಕ್ಯಾಸಿಯಾ ಎಂದು ದಾಖಲಿಸಿದ್ದ, ಹಳೆಯ ಪುಸ್ತಕಗಳಲ್ಲಿ ಇಂದಿಗೂ ಅದೇ ಹೆಸರು ಸಿಗುತ್ತದೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಕಿವಿಯಾಕಾರದ ಅಗಲವಾದ ಉಪಪತ್ರ ಇರುವುದು ತಂಗಡಿಯ ಗುರುತು. ನರ್ಸರಿಗಳಲ್ಲಿ ಇದೇ ಬಣ್ಣದ ಹೂ ಬಿಡುವ ಬೇರೆ ಬೇರೆ ಗಿಡಗಳನ್ನು ತಂಗಡಿ ಅಂತ ಕೊಟ್ಟುಬಿಡುತ್ತಾರೆ, ಆ ಕಿವಿ ನೋಡಿಯೇ ತೆಗೆದುಕೊಳ್ಳಬೇಕು. ತೆಲಂಗಾಣದವರಿಗೆ ಇದು ರಾಜ್ಯದ ಹೂ, ಇದಿಲ್ಲದೆ ಬತುಕಮ್ಮ ಹಬ್ಬ ನಡೆಯದು. ನಮ್ಮ ಮನೆಯಲ್ಲಿ ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಚೆಂಡುಹೂವು, ಉತ್ತರಾಣಿ ಕಡ್ಡಿಯ ಜತೆ ಇದನ್ನೂ ಸಿಕ್ಕಿಸುತ್ತಿದ್ದೆವು. ಇದರ ತೊಗಟೆಯಲ್ಲಿ ಸುಮಾರು ಶೇ 18ರಷ್ಟು ಟ್ಯಾನಿನ್ ಇದೆ. ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆ ಬಂದು ಮಾರುಕಟ್ಟೆ ಹಿಡಿಯುವ ತನಕ ದಕ್ಷಿಣ ಭಾರತದ ಚರ್ಮ ಹದ ಮಾಡುವವರೆಲ್ಲ ನಂಬಿದ್ದು ಈ ಗಿಡವನ್ನೇ. ಇಷ್ಟೆಲ್ಲ ಉಪಯೋಗವಿದ್ದರೂ ಮನೆಯಂಗಳದಲ್ಲಿ ಮಾತ್ರ ಯಾರೂ ಬೆಳೆಸಿದ್ದಿಲ್ಲ. ಹೊರಗೆ ಬೇಕಾದಷ್ಟಿತ್ತಲ್ಲ.

ಹೊರಗೆ ಈಗ ಅಷ್ಟಿಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸು ಓಡಿಸುವ ರಸ್ತೆಗಾಗಿ ಮರಗಳು ಹೋದವು, 2020ರ ಫೆಬ್ರುವರಿಯಲ್ಲಿ ಅದರ ಉದ್ಘಾಟನೆಯೂ ಆಯಿತು. ಬೈಪಾಸ್ ಅಗಲ ಮಾಡುವ ಜೆಸಿಬಿಗಳು ಏರಿಯ ಗಿಡಗಂಟಿ ಬಳಿದು ಹಾಕಿದವು. ಮರ ಹೋದದ್ದಕ್ಕೆ ಊರಲ್ಲಿ ಮಾತಾದರೂ ಆಯಿತು, ತಂಗಡಿ ಹೋದದ್ದಕ್ಕೆ ಯಾರು ಮಾತಾಡುತ್ತಾರೆ? ನಾನು ಆಗ ತಾನೇ ನಿವೃತ್ತನಾಗಿದ್ದೆ. ಮುಂಗಟ್ಟಿನ ಕುಂಡಗಳಲ್ಲಿ ನರ್ಸರಿಯಿಂದ ತಂದ ಪೆಟೂನಿಯಾ, ಪದರ ಪದರದ ಹೈಬ್ರಿಡ್ ಹೂವುಗಳು ಬೇಕಾದಷ್ಟಿದ್ದವು. ಆದರೆ ಅವುಗಳ ಹತ್ತಿರ ಒಂದು ಹುಳವೂ ಸುಳಿಯುತ್ತಿರಲಿಲ್ಲ. ಜೇನುಹುಳ, ಪಾತರಗಿತ್ತಿ, ದುಂಬಿ ಎಲ್ಲ ಬರುವಂಥ ನಮ್ಮ ನೆಲದ್ದೇ ಗಿಡ ಬೆಳೆಸಬೇಕು, ಮೊಮ್ಮಕ್ಕಳಿಗೆ ತೋರಿಸಬೇಕು ಎಂಬ ಹುಮ್ಮಸ್ಸು ಹತ್ತಿತು. ಅಷ್ಟು ಓದಿಕೊಂಡು ಹೊರಟವನು ಮಾಡಿದ ಕೆಲಸ ನೋಡಿ.

ಯರಿಕೊಪ್ಪದ ಕಡೆ ಬೈಪಾಸಿನ ಇಳಿಜಾರಿನಲ್ಲಿ ಸೊಂಟದೆತ್ತರದ ಗಿಡಗಳಿದ್ದವು. ಜೆಸಿಬಿ ಬರುವ ಮೊದಲು ಉಳಿಸಿಕೊಳ್ಳೋಣ ಎಂದು ಹಾರೆ ಹಿಡಿದು ಕಿತ್ತು ತಂದೆ. ಕೀಳುವಾಗಲೇ ತಾಯಿಬೇರು ಲಟಕ್ಕನೆ ಮುರಿಯಿತು. ಗಿಡದ ಎತ್ತರಕ್ಕಿಂತ ಅದರ ಬೇರು ಆಳ. ಮುರಿದರೆ ಮುರೀಲಿ, ಚಿಗುರುತ್ತದೆ ಅಂದುಕೊಂಡೆ. ನಮ್ಮ ಮಾಳಮಡ್ಡಿಯ ಕಂಪೌಂಡಿನಲ್ಲಿ ಇದ್ದದ್ದು ಗಟ್ಟಿ ಗರಸು. ಈ ಕಲ್ಲಿನಲ್ಲಿ ಏನು ಬೆಳೆದೀತು ಎಂದು ಹುಬ್ಬಳ್ಳಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಎರಿ ಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಕಲಸಿ, ಗುಂಡಿ ತುಂಬಿಸಿದೆ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು. ಮಳೆ ಹಿಡಿದ ಮೇಲೆ ಎರಿ ಮಣ್ಣು ನೀರನ್ನು ಬಿಡಲಿಲ್ಲ. ಗುಂಡಿಯ ಸುತ್ತ ಗರಸು ಗಟ್ಟಿಯಾಗಿದ್ದುದರಿಂದ ಅದು ಬಸಿದುಹೋಗಲು ದಾರಿಯೂ ಇರಲಿಲ್ಲ. ಎಲೆಗಳು ಹಳದಿಯಾಗಿ ಉದುರಿದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಕೈಯಲ್ಲಿ ಹಿಡಿದರೆ ಸಿಪ್ಪೆ ಸುಲಿದು ಬರುತ್ತಿತ್ತು.

ಬಾಗಿಲಿಗೆ ಸೊಪ್ಪು ಮಾರಲು ಬರುವ ಅಜ್ಜಿ ಬುಟ್ಟಿ ಇಳಿಸಿ, ನನ್ನ ಕೈಯಲ್ಲಿದ್ದ ಕೊಳೆತ ಬೇರು ನೋಡಿದಳು. "ಯಪ್ಪಾ, ಅವರಿಕಿ ಗಿಡಕ್ಕ ಯಾರರ ನೀರು ಹಾಕ್ತಾರೇನು? ಹಸದು ಸತ್ತಿಲ್ಲ ಇದು, ಹೊಟ್ಟಿ ತುಂಬಿ ಸತ್ತೈತಿ," ಅಂದಳು. ಬೀಜ ಹಾಕು, ಹಾಕಿ ಮರೆತುಬಿಡು ಎಂದೂ ಹೇಳಿದಳು. ಹಾಕುವುದು ಸಾಧ್ಯವಾಯಿತು, ಮರೆಯುವುದು ಆಗಲಿಲ್ಲ.

ಬೀಜದ ಸಿಪ್ಪೆ ಬಹಳ ಗಟ್ಟಿ, ಸುಮ್ಮನೆ ಬಿತ್ತಿದರೆ ಹುಟ್ಟಲು ಕಾಲ ಹಿಡಿಯುತ್ತದೆ. ಮರಳು ಕಾಗದದ ಮೇಲೆ ಸ್ವಲ್ಪ ಉಜ್ಜಿ, ಕುದಿಸಿ ಇಳಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮಿರ್ಗದ ಮಳೆಗೆ ನೇರವಾಗಿ ನೆಲದಲ್ಲೇ ಊರಿದೆ. ಈ ಸಲ ಎರಿ ಮಣ್ಣಿಲ್ಲ, ಗರಸಿನಲ್ಲೇ. ಚೆನ್ನಾಗಿ ಹುಟ್ಟಿದವು. ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲೆತ್ತರ ಬಂದವು. ಆಗ ಒಂದು ದಿನ ನೋಡುತ್ತೇನೆ, ತುದಿಯ ಕೊಂಬೆಗಳಲ್ಲಿ ಎಲೆಯೇ ಇಲ್ಲ, ಬರೀ ಕಡ್ಡಿ. ಹಸಿರು ಹುಳಗಳು ಎಲೆಯ ನಡುನರಕ್ಕೆ ಮೈ ಹೊಂದಿಸಿಕೊಂಡು ಮಲಗಿದ್ದವು. ಒಡಲ ಪಕ್ಕಕ್ಕೆ ಬಿಳಿಯ ಗೆರೆ, ಅದರ ಮೇಲೆ ಕರೀ ಚುಕ್ಕಿ. ಮುಟ್ಟಿದರೂ ಅಲುಗಾಡಲಿಲ್ಲ.

ನಾನು ಹಿಂದೆಮುಂದೆ ನೋಡಲಿಲ್ಲ. ಪೇಟೆಯ ಗೊಬ್ಬರದ ಅಂಗಡಿಗೆ ಹೋಗಿ, ಹತ್ತಿಗೆ ಹೊಡೆಯುವ ಎಣ್ಣೆ ತಂದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು, ಕೇಳಲು ಎಷ್ಟು ಸಾಧು. ಬಾಟಲಿಯ ಮೇಲೆ ಹಳದಿ ತ್ರಿಕೋನವಿತ್ತು, ಅಂದರೆ ಕೆಂಪಿನ ಕೆಳಗಿನ ಮೆಟ್ಟಿಲಿನ ವಿಷ. ಮುಖಕ್ಕೆ ಟವೆಲ್ ಕಟ್ಟಿಕೊಂಡು ಹೊಡೆದೆ. ಮರುದಿನ ಹುಳಗಳೆಲ್ಲ ನೆಲದ ಮೇಲೆ. ಮಗಳು ಬೆಂಗಳೂರಿನಿಂದ ಬಂದವಳು ನಾನು ತೆಗೆದಿಟ್ಟಿದ್ದ ಫೋಟೊ ನೋಡಿ, "ಅಪ್ಪಾ, ಇವು ಪಾತರಗಿತ್ತಿ ಮರಿ. ನೀನ ಬೇಕಂದಿದ್ದಿಯಲ್ಲ?" ಅಂದಳು. ತಿಳಿ ಹಸಿರು–ಬಿಳಿ ಬಣ್ಣದ ವಲಸೆ ಪಾತರಗಿತ್ತಿಗಳು ಮೊಟ್ಟೆ ಇಡುವುದು ತಂಗಡಿ ಮತ್ತು ಅದರ ಬಳಗದ ಗಿಡಗಳ ಮೇಲೆಯೇ. ಬೇಂದ್ರೆಯವರ ಸಾಧನಕೇರಿ ಇರುವ ಊರಿನಲ್ಲಿ ಪಾತರಗಿತ್ತಿಗೆ ಹತ್ತಿಯ ಎಣ್ಣೆ ಹೊಡೆದವನು ನಾನು. ಗಿಡಕ್ಕೆ ಮಾತ್ರ ಏನೂ ಆಗಿರಲಿಲ್ಲ. ಬೋಳಾದ ಕಡ್ಡಿಗಳೆಲ್ಲ ಬೇಗನೆ ಮತ್ತೆ ಚಿಗುರಿದವು. ಹುಳ ತಿಂದು ಹೋದ ಗಿಡ ಚಿಗುರುವುದು ಅದರ ದಿನನಿತ್ಯದ ಬಾಳು, ಅದಕ್ಕೆ ನನ್ನ ರಕ್ಷಣೆ ಬೇಕಿರಲಿಲ್ಲ.

ಮುಂದಿನ ವರ್ಷ ಹೂ ಬಿಟ್ಟಿತು. ಗಣಪತಿ ಹಬ್ಬಕ್ಕೆ ಶುರುವಾದದ್ದು ದೀಪಾವಳಿ ದಾಟಿದರೂ ಮುಗಿಯಲಿಲ್ಲ. ಕಾಯಿಯೂ ಬಂತು, ಚಪ್ಪಟೆಯ ತೆಳ್ಳನೆಯ ಕಾಯಿಗಳು ಗೊಂಚಲು ಗೊಂಚಲು. ಗೆದ್ದೆ ಅಂದುಕೊಂಡೆ. ಹೂವಿನ ಮೇಲೆ ಯಾರು ಬರುತ್ತಾರೆ ಎಂದು ನಾನು ಆಗ ನೋಡಿದ್ದು ಪಾತರಗಿತ್ತಿ ಬಂತೇ ಅನ್ನುವುದಕ್ಕೆ ಮಾತ್ರ. ದೊಡ್ಡ ಕಪ್ಪು ದುಂಬಿಗಳು ಗುಂಯ್‌ಗುಡುತ್ತ ಬಂದು ಹೋಗುತ್ತಿದ್ದವು, ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವು ಮನೆಯವೇ ಆಗಿದ್ದವಲ್ಲ!

ಮನೆಯವು ಎಂದರೆ ನಿಜಕ್ಕೂ ಮನೆಯವು. ನಮ್ಮದು ಹಂಚಿನ ಹಳೆಯ ಮನೆ, ಪಡಸಾಲೆಗೆ ಸಾಗವಾನಿಯ ತೊಲೆಗಳು. ಆ ತೊಲೆಗಳ ಕೆಳಮೈಯಲ್ಲಿ ಕಿರುಬೆರಳು ಹೋಗುವಷ್ಟು ಅಗಲದ, ಕೊರೆಯುವ ಯಂತ್ರದಿಂದ ಕೊರೆದಷ್ಟು ದುಂಡನೆಯ ತೂತುಗಳು. ಕೆಳಗಿದ್ದ ಜೋಕಾಲಿಯ ಮೇಲೆ ಆಗಾಗ ಹಿಟ್ಟಿನಂಥ ಮರದ ಪುಡಿ ಉದುರುತ್ತಿತ್ತು. ಮಗಳ ಮದುವೆ ಗೊತ್ತಾಗಿತ್ತು. ಬೇಸಿಗೆಯಲ್ಲಿ ಹಂಚು ಕೈಯಾಡಿಸಿ, ಮರಕ್ಕೆಲ್ಲ ಪಾಲಿಶ್ ಹಿಡಿಸುವ ಕೆಲಸ ಹಚ್ಚಿದೆವು. ಬಡಿಗ್ಯಾ ಏಣಿ ಹತ್ತಿ ನೋಡಿ, "ಸಾಹೇಬ್ರ, ಗುಂಗಿಹುಳ ಕೊರದಾವ್ರಿ. ಒಂದೆರಡು ತೂತಿಗೆ ತೊಲಿ ಏನೂ ಬೀಳೂದಿಲ್ಲ. ಬ್ಯಾಡ ಅಂದ್ರ ಗೆದ್ದಲಿನ ಎಣ್ಣಿ ಬಿಟ್ಟು ಪುಟ್ಟಿ ಬಡದ್ರ ಮುಗೀತು," ಅಂದ. ಅವನ ಮೊದಲ ಮಾತು ನನ್ನ ಕಿವಿಗೆ ಬೀಳಲಿಲ್ಲ. ಬೀಗರು ಬರುವ ಮನೆ, ಜೋಕಾಲಿಯ ಮೇಲೆ ಪುಡಿ ಬೀಳಬಾರದು. ಬಡಿ ಅಂದೆ. ಸಂಜೆಯಷ್ಟರಲ್ಲಿ ಒಂದೂ ತೂತು ಉಳಿಯಲಿಲ್ಲ.

ಅಂದು ರಾತ್ರಿ ಹೆಂಡತಿ ಎಬ್ಬಿಸಿದಳು. "ರೀ, ತೊಲಿಯೊಳಗ ಏನೋ ಗುಂಯ್ ಅನ್ಲಿಕ್ಕೆ ಹತ್ತೇದ, ಕೇಳ್ರಿ." ಕೇಳಿಸಿತು. ಪಡಸಾಲೆಯ ದೀಪ ಹಾಕಿ ತೊಲೆಯ ಕೆಳಗೆ ನಿಂತೆ. ಒಂದು ಕಡೆ ನಿಂತರೆ ಇನ್ನೊಂದು ಕಡೆಯಿಂದ ಸದ್ದು ಬರುತ್ತಿತ್ತು. ಬೆಳಿಗ್ಗೆ ಏಣಿ ಹಾಕಿ ಪುಟ್ಟಿ ಕೆರೆದು ತೆಗೆಯಬಹುದಿತ್ತು. ಪಾಲಿಶ್ ಹಸಿ ಇತ್ತು, ತೆಗೆಯಲಿಲ್ಲ. ಒಂದೆರಡು ದಿನದಲ್ಲಿ ಸದ್ದು ನಿಂತಿತು. ಇಷ್ಟನ್ನು ಬರೆಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಆ ವರ್ಷವೂ ತಂಗಡಿ ಹೂ ಬಿಟ್ಟಿತು, ಹಿಂದಿನ ವರ್ಷಕ್ಕಿಂತ ಹೆಚ್ಚೇ. ಹೂ ಅರಳಿತು, ಬಾಡಿತು, ತೊಟ್ಟಿನೊಡನೆ ಉದುರಿತು. ಕಾಯಿ ಬರಲಿಲ್ಲ. ಹುಡುಕಿದರೆ ಅಲ್ಲೊಂದು ಇಲ್ಲೊಂದು, ಸೊಟ್ಟಗೆ, ಒಳಗೆ ಬೀಜ ಇಲ್ಲದ್ದು. ಬೈಪಾಸಿನಲ್ಲಿ ಅಳಿದುಳಿದ ಗಿಡಗಳು ಕಾಯಿ ಹೊತ್ತು ನಿಂತಿದ್ದವು, ಮಳೆಯ ದೋಷ ಅನ್ನುವ ಹಾಗೂ ಇರಲಿಲ್ಲ. ಹಿತ್ತಲಿನಲ್ಲಿ ಹೆಂಡತಿ ಹಾಕಿದ್ದ ಬದನೆ ಗಿಡಗಳೂ ಹೂವಿನಲ್ಲೇ ನಿಂತುಬಿಟ್ಟವು. "ಈ ವರ್ಷ ಎಣಗಾಯಿಗೆ ಸಂತಿಯಿಂದ ಬದನಿಕಾಯಿ ತರೂ ಹಂಗಾತು," ಎಂದು ಅವಳು ಗೊಣಗಿದ್ದಳು. ಎರಡಕ್ಕೂ ಸಂಬಂಧ ಇದೆಯೆಂದು ನನಗೆ ಹೊಳೆಯಲಿಲ್ಲ.

ಹೊಳೆಯಿಸಿದ್ದು ಕೃಷಿ ಮೇಳ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಶುರುವಾದದ್ದು. ಅಲ್ಲಿ ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಮೇಳಕ್ಕೆ ಸುತ್ತಲ ಜಿಲ್ಲೆಗಳಿಂದ ಜನ ಟ್ರ್ಯಾಕ್ಟರು, ಟೆಂಪೋ ಕಟ್ಟಿಕೊಂಡು ಬರುತ್ತಾರೆ. ಕೀಟಗಳ ಪ್ರದರ್ಶನದಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬನ ಮುಂದೆ ನನ್ನ ಚೀಲದಲ್ಲಿದ್ದ ತಂಗಡಿ ಗೊಂಚಲು ಇಟ್ಟು, ಕಾಯಿ ಯಾಕೆ ಕಟ್ಟುತ್ತಿಲ್ಲ ಎಂದು ಕೇಳಿದೆ. ಆ ಹುಡುಗ ಒಂದು ಹೂವನ್ನು ಬಿಡಿಸಿ ನನ್ನ ಅಂಗೈ ಮೇಲಿಟ್ಟು ಭೂತಗನ್ನಡಿ ಕೊಟ್ಟ. ನೋಡಿ ಅಂದ.

ಅಷ್ಟು ವರ್ಷ ಕಂಡ ಹೂವನ್ನು ಆವತ್ತು ನೋಡಿದೆ. ಐದು ಹಳದಿ ಎಸಳು. ನಡುವೆ ಹತ್ತು ಕೇಸರ, ಹತ್ತೂ ಒಂದೇ ತರಹ ಇಲ್ಲ. ಮೇಲಿನ ಮೂರು ಸಣ್ಣವು, ಬರಡು. ನಡುವಿನ ನಾಲ್ಕು ಗಿಡ್ಡ. ಕೆಳಗಿನ ಮೂರು ಉದ್ದವಾಗಿ ಬಾಗಿದ್ದವು. ದಾಸವಾಳದಲ್ಲಿ ಕಾಣುವಂತೆ ಪರಾಗ ಹೊರಗೆ ಅಂಟಿಕೊಂಡಿರಲಿಲ್ಲ. ಪ್ರತಿ ಪರಾಗಕೋಶವೂ ಮುಚ್ಚಿದ ಚೀಲ, ತುದಿಯಲ್ಲಿ ಮಾತ್ರ ಸೂಜಿ ಮೊನೆಯಷ್ಟು ತೂತು. ಮಕರಂದ ಒಂದು ಹನಿಯೂ ಇಲ್ಲ. ಈ ಹೂವು ಹುಳಕ್ಕೆ ಕೊಡುವುದು ಪರಾಗವನ್ನು ಮಾತ್ರ, ಅದನ್ನೂ ಕೀಲಿ ಹಾಕಿ ಇಟ್ಟುಕೊಂಡಿದೆ. ಆ ಕೀಲಿಯ ಕೈ ಇರುವುದು ಗುಂಗಿಹುಳದಂಥ ಕೆಲವರ ಬಳಿ. ಅದು ಬಂದು ಕೇಸರಗಳನ್ನು ಕಾಲಿನಿಂದ ತಬ್ಬಿ, ಹೊಟ್ಟೆ ಬಾಗಿಸಿ, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದೆ. ಆ ನಡುಕಕ್ಕೆ ಪರಾಗ ತೂತಿನಿಂದ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಗಿಡ್ಡ ಕೇಸರದ ಪರಾಗ ಹುಳದ ಮರಿಗಳ ಊಟಕ್ಕೆ, ಉದ್ದ ಕೇಸರದ್ದು ಅದರ ಮೈಗೆ ಮೆತ್ತಿಕೊಂಡು ಮುಂದಿನ ಹೂವಿಗೆ. ಒಂದೇ ಹೂವಿನಲ್ಲಿ ಎರಡು ಬಗೆಯ ಕೇಸರ ಯಾಕೆ ಎಂದು ಡಾರ್ವಿನ್ ಸಹ ತಲೆ ಕೆಡಿಸಿಕೊಂಡಿದ್ದ. ಊಟದ್ದು ಬೇರೆ, ಸಂತಾನದ್ದು ಬೇರೆ ಎಂಬ ವಿವರಣೆಯನ್ನು 1880ರ ದಶಕದ ಆರಂಭದಲ್ಲಿ ಮುಂದಿಟ್ಟವರು ಜರ್ಮನಿಯ ಮುಲ್ಲರ್ ಸೋದರರು.

ನಮ್ಮ ಜೇನುಹುಳಕ್ಕೆ ಈ ನಡುಗಿಸುವ ವಿದ್ಯೆ ಬರುವುದಿಲ್ಲ. ಅದು ಚೆಲ್ಲಿದ್ದನ್ನು ಆಯ್ದುಕೊಂಡು ಹೋಗುತ್ತದೆ ಅಷ್ಟೇ. ಸುಮಾರು 20,000 ಜಾತಿಯ ಗಿಡಗಳು ಹೀಗೆ ಪರಾಗವನ್ನು ತೂತಿನ ಚೀಲದಲ್ಲಿ ಬಚ್ಚಿಡುತ್ತವೆ ಎಂಬ ಅಂದಾಜಿದೆ. ಟೊಮೆಟೊ, ಬದನೆ ಅದೇ ಸಾಲಿನವು. "ನಿಮ್ಮ ಮನಿ ಹತ್ರ ಗುಂಗಿಹುಳ ಇಲ್ಲೇನ್ರೀ ಅಂಕಲ್?" ಎಂದು ಹುಡುಗ ಕೇಳಿದ. ಇದ್ದವು ಅಂದೆ. ಮುಂದೆ ಏನೂ ಹೇಳದೆ ಬಂದುಬಿಟ್ಟೆ.

ಮೊಮ್ಮಗನಿಗೆ ಕೊಡಿಸಿದ್ದ ಬ್ಯಾಟರಿಯ ಟೂತ್‌ಬ್ರಷ್ ಒಂದಿತ್ತು. ಅದರ ಹಿಂಬದಿಯನ್ನು ಹೂವಿನ ಕೇಸರಕ್ಕೆ ತಾಗಿಸಿ ಗುಂಡಿ ಒತ್ತಿದೆ. ಫಕ್ಕನೆ ಹಳದಿ ಪುಡಿ ಹಾರಿ ನನ್ನ ಉಗುರಿನ ಮೇಲೆ ಕುಳಿತಿತು. ಅದನ್ನೇ ಬೇರೆ ಗಿಡದ ಹೂವಿನ ಶಲಾಕೆಯ ತುದಿಗೆ ಹಚ್ಚಿದೆ. ಹಾಗೆ ದಿನಾ ಬೆಳಿಗ್ಗೆ ಮಾಡತೊಡಗಿದೆ. ಹಿಂದಿನವರು ತಂಗಡಿಯ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು, ನಾನು ಹಲ್ಲುಜ್ಜುವ ಬ್ರಷ್ಷಿನಿಂದ ತಂಗಡಿ ಉಜ್ಜುತ್ತಿದ್ದೆ. ಮಾಸ್ತರರು ಕಂಪೌಂಡಿನ ಆಚೆ ನಿಂತು ಒಂದು ಮಾತೂ ಆಡದೆ ನೋಡಿದರು, ಬೈದಿದ್ದರೆ ವಾಸಿಯಿತ್ತು. ಬ್ರಷ್ ಮುಟ್ಟಿಸಿದ ಹೂಗಳಲ್ಲಿ ಕೆಲವು ಕಾಯಿ ಕಟ್ಟಿದವು, ಮುಟ್ಟಿಸದವು ಉದುರಿದವು. ನನಗೆ ಸಾಕ್ಷಿ ಸಾಕಾಯಿತು. ಆದರೆ ಮನುಷ್ಯನೊಬ್ಬ ಬೆಳಿಗ್ಗೆಯೆಲ್ಲ ನಿಂತು ಮುಗಿಸುವ ಕೆಲಸವನ್ನು ಒಂದು ಹುಳ ಬಂದು ಹೋಗುವಷ್ಟರಲ್ಲಿ ಮುಗಿಸುತ್ತದೆ.

ಮುಂದಿನ ಬೇಸಿಗೆಯಲ್ಲಿ ಏಣಿ ಹಾಕಿ ಪುಟ್ಟಿ ಕೆರೆದೆ. ಒಳಗಿನ ಗೆದ್ದಲಿನ ಎಣ್ಣೆ ಕೆರೆಯಲು ಬರುವುದಿಲ್ಲವಲ್ಲ, ಆ ತೊಲೆಗಳತ್ತ ಗುಂಗಿಹುಳಗಳು ತಿರುಗಿಯೂ ನೋಡಲಿಲ್ಲ. ಒಂದು ಕಡೆ ಗಿಣ್ಣು ಮುಚ್ಚಿರುವ ಒಣ ಬಿದಿರಿನ ತುಂಡುಗಳನ್ನು ಸೂರಿನ ಕೆಳಗೆ ಅಡ್ಡಲಾಗಿ ಕಟ್ಟಿದೆ. ಪುಸ್ತಕದಲ್ಲಿ ಹಾಗೆ ಬರೆದಿತ್ತು. ವರ್ಷವಿಡೀ ಬಿದಿರು ಖಾಲಿ ತೂಗಾಡಿತು. ಕೊನೆಗೆ ಅವು ಬಂದು ಕೊರೆದದ್ದು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಳೆಯ ಗಳವನ್ನು, ಮತ್ತು ಬಚ್ಚಲ ಬಾಗಿಲಿನ ಚೌಕಟ್ಟನ್ನು. "ನಿಮ್ಮ ಬಿದರು ಅವಕ್ಕ ಬ್ಯಾಡಂತ್ರೀ," ಎಂದು ಹೆಂಡತಿ ನಕ್ಕಳು. ಪುಡಿ ಉದುರುವ ಕಡೆ ಈಗ ಅವಳೇ ಒಂದು ಹಳೆಯ ತಾಟು ಇಟ್ಟಿದ್ದಾಳೆ. ಬದನೆ ಮೊದಲಿನ ಹಾಗೆ ಕಾಯಿ ಬಿಡುತ್ತಿದೆ. ಹೂವಿನ ಹತ್ತಿರ ನಿಂತರೆ ಸದ್ದಿನ ವ್ಯತ್ಯಾಸವೂ ಗೊತ್ತಾಗುತ್ತದೆ: ಹಾರುವಾಗ ತಗ್ಗಿನ ಸ್ವರ, ಕೇಸರ ಹಿಡಿದು ನಡುಗಿಸುವಾಗ ಥಟ್ಟನೆ ಏರು ಸ್ವರ. ಸಂಗೀತದ ಊರಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಇದು ಮೊದಲೇ ಕೇಳಿಸಬೇಕಿತ್ತು.

ತಂಗಡಿ ಬೆಳೆಸಬೇಕು ಎನ್ನುವವರಿಗೆ ನನ್ನ ಮಾತು ಇಷ್ಟೇ. ರಸ್ತೆ ಬದಿಯ ಗಿಡ ಕೀಳಬೇಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಳಗೆ ಬೀಜ ಗಲಗಲ ಅಂದಾಗ ನಾಲ್ಕು ಕಾಯಿ ಕಿತ್ತು ತನ್ನಿ, ಬೈಪಾಸಿನ ಬದಿ ಪೂರ್ತಿ ಬೋಳಾಗುವ ಮೊದಲು ತನ್ನಿ. ಮುಂಗಾರಿಗೆ ನೀರು ನಿಲ್ಲದ ಜಾಗ ನೋಡಿ ನೆಲದಲ್ಲೇ ಊರಿ, ಗೊಬ್ಬರ ಬೇಡ, ಬೇರು ಹಿಡಿದ ಮೇಲೆ ನೀರೂ ಬೇಡ. ಒಂದೇ ಗಿಡಕ್ಕಿಂತ ಮೂರ್ನಾಲ್ಕು ಇರಲಿ. ಹಸಿರು ಹುಳ ಎಲೆ ತಿಂದರೆ ತಿನ್ನಲಿ. ಮತ್ತು ಬೀಜ ಊರುವ ಮೊದಲು ಒಮ್ಮೆ ತಲೆಯೆತ್ತಿ ನಿಮ್ಮ ಮನೆಯ ತೊಲೆ, ಗಳ, ಬಾಗಿಲ ಚೌಕಟ್ಟು ನೋಡಿಕೊಳ್ಳಿ. ಅಲ್ಲಿ ದುಂಡನೆಯ ತೂತು ಇದ್ದರೆ ಬಡಿಗ್ಯಾನಿಗೆ ಹೇಳಿಕಳಿಸಬೇಡಿ.